ಮಿಯಾಪುರದ ಮೇಲಿನ ಜಪಾನಿನ ದಾರಿ

ಬೀದರಿನ ಕೋಟೆಯನ್ನೂ ಜಂಬಿಟ್ಟಿಗೆಯ ಕೆಂಪು ನೆಲವನ್ನೂ ಹಿಂದಿಕ್ಕಿ, ಜಹೀರಾಬಾದಿನಲ್ಲಿ ಮುಂಬಯಿಯ ಹೆದ್ದಾರಿಯನ್ನು ಸೇರಿ, ಸದಾಶಿವಪೇಟೆ, ಸಂಗಾರೆಡ್ಡಿ, ಪಟಾನ್‌ಚೆರುಗಳನ್ನು ಒಂದೊಂದಾಗಿ ಕಳೆದು ಹೈದರಾಬಾದಿನತ್ತ ಧಾವಿಸುವ ನಮ್ಮ ಬಸ್ಸುಗಳ ಪ್ರಯಾಣಿಕರಲ್ಲಿ ಬಹುಮಂದಿ, ನಗರದ ಒಡಲನ್ನು ಹೊಗುವುದಕ್ಕೆ ಮೊದಲೇ, ಮಿಯಾಪುರದಲ್ಲಿ ಗಂಟುಮೂಟೆಗಳೊಡನೆ ಇಳಿದುಬಿಡುತ್ತಾರೆ. 2017ರ ನವೆಂಬರಿನಲ್ಲಿ ಮೆಟ್ರೋ ರೈಲು ಇಲ್ಲಿಂದ ಹೊರಡಲು ತೊಡಗಿದಂದಿನಿಂದ ಈ ಪದ್ಧತಿ ರೂಢಿಗೆ ಬಂದಿತು. ಅದಕ್ಕೆ ಮುಂಚೆ ನಾವೆಲ್ಲರೂ ಕೂಕಟ್‌ಪಲ್ಲಿಯ ವಾಹನಸಂದಣಿಯಲ್ಲಿ ತೂಕಡಿಸುತ್ತ, ಬೆವರುತ್ತ, ಎದುರಿನ ಲಾರಿಯ ಬೆನ್ನಿನ ಮೇಲಣ ಬರಹವನ್ನು ಬಾಯಿಪಾಠವಾಗುವವರೆಗೂ ಓದುತ್ತ ಕುಳಿತಿರಬೇಕಾಗಿತ್ತು. ನನಗೆ ಮಿಯಾಪುರದಲ್ಲಿ ಇಳಿಯಲು ಮೆಟ್ರೋವಿಗಿಂತ ಮಿಗಿಲಾದ ಕಾರಣವೊಂದಿತ್ತು. ನನ್ನ ತಂಗಿಯ ಮನೆ ಅಲ್ಲಿದೆ. ಅವಳ ಮಗಳಿಗೆ ಜಪಾನಿನಲ್ಲಿ ಒಂದು ವರ್ಷ ನಿಂತು ಆ ದೇಶದ ಭಾಷೆಯನ್ನೂ ಸಂಸ್ಕೃತಿಯನ್ನೂ ಅಭ್ಯಾಸಮಾಡಲು ಅಲ್ಲಿಯ ಸರ್ಕಾರದ ವಿದ್ಯಾರ್ಥಿವೇತನ ದೊರೆತಿದೆಯೆಂಬ ವಾರ್ತೆ ಬಂದಿತ್ತು. ಇಂತಹ ವಾರ್ತೆಯನ್ನು ದೂರವಾಣಿಯಲ್ಲಿ ಕೇಳಿ ಸುಮ್ಮನಿರುವುದು ಸೋದರಮಾವನಾದವನಿಗೆ ಒಪ್ಪುವ ಮಾತಲ್ಲ.

ಈ ಹೆದ್ದಾರಿಯ ಪಶ್ಚಿಮಾರ್ಧ ಕನ್ನಡಿಗನಿಗೆ ಪರದೇಶವೆನಿಸುವುದಿಲ್ಲ. ಜಹೀರಾಬಾದಿನ ನಿಲ್ದಾಣದಲ್ಲಿ ಬಸ್ಸು ನಿಂತಾಗ ಶುಂಠಿಯ ಚೀಲಗಳನ್ನು ಏರಿಸುವವರ ಬೈಗುಳ ತೆಲುಗಿನಲ್ಲಿ ಆರಂಭವಾಗಿ ಕನ್ನಡದಲ್ಲಿ ಮುಗಿಯುವುದನ್ನು ಈಗಲೂ ಕೇಳಬಹುದು. ಅಲ್ಲಿಗೆ ಸಮೀಪದ ಝರಾಸಂಗಮದ ಕೇತಕೀ ಸಂಗಮೇಶ್ವರನ ಸನ್ನಿಧಿಗೆ ಬೀದರ, ಕಲಬುರಗಿಗಳ ಭಕ್ತರು ಇಂದಿಗೂ ರಾಜ್ಯದ ಗಡಿಯನ್ನು ಗಣಿಸದೆ ನಡೆದುಕೊಳ್ಳುತ್ತಾರೆ. ಸಂಗಾರೆಡ್ಡಿಯನ್ನು ದಾಟಿದ ಮೇಲೆ ದಾರಿಯ ಮುಖ ಬದಲಾಗುತ್ತದೆ. ಕಂದಿಯೆಂಬ ಹಳ್ಳಿಯ ಹೊಲಗಳ ನಡುವೆ ಹೈದರಾಬಾದಿನ ಐಐಟಿಯ ಆವರಣ ಥಟ್ಟನೆ ಕಾಣಿಸಿಕೊಳ್ಳುತ್ತದೆ. 2008ರಲ್ಲಿ ಸ್ಥಾಪಿತವಾಗಿ, ಕೆಲವು ವರ್ಷ ಸೇನಾಸಾಮಗ್ರಿಯ ಕಾರ್ಖಾನೆಯೊಂದರ ಆಶ್ರಯದಲ್ಲಿ ಬಿಡಾರ ಹೂಡಿದ್ದು, 2015ರಲ್ಲಿ ಈ ಸ್ವಂತ ನೆಲೆಗೆ ಬಂದ ಆ ವಿದ್ಯಾಲಯದ ಕಟ್ಟಡಗಳಿಗೆ ಜಪಾನ್ ಸರ್ಕಾರದ ದೀರ್ಘಾವಧಿಯ ಸಾಲ ಒದಗಿದೆ. ವಿನ್ಯಾಸದಲ್ಲಿಯೂ ಆ ದೇಶದ ವಾಸ್ತುಶಿಲ್ಪಿಗಳ ಪಾಲುಂಟು. ಅಲ್ಲಿಂದ ಪದವೀಧರರಾದವರನ್ನು ಆರಿಸಿ ಜಪಾನಿನ ವಿಶ್ವವಿದ್ಯಾನಿಲಯಗಳಿಗೆ ಉನ್ನತ ವ್ಯಾಸಂಗಕ್ಕೆ ಕರೆದೊಯ್ಯಲು ಜೈಕಾ ಎಂಬ ಜಪಾನಿನ ಸಹಕಾರ ಸಂಸ್ಥೆ ಪ್ರತ್ಯೇಕವಾದ ವಿದ್ಯಾರ್ಥಿವೇತನವನ್ನೇ ಏರ್ಪಡಿಸಿತ್ತು. ಐಐಟಿಯ ಹುಡುಗರು ರಜೆಯ ದಿನ ಬಸ್ಸು ಹಿಡಿದು ಬಂದು ಮೆಟ್ರೋ ಹತ್ತುವುದು ಈ ಮಿಯಾಪುರದಲ್ಲಿಯೇ. ಹೀಗೆ, ಮಿಯಾಪುರವೆಂಬ ಈ ಗದ್ದಲದ ಹೊರವಲಯ ಟೋಕಿಯೋ ದಾರಿಯ ಒಂದು ತಂಗುದಾಣವೆಂದರೆ ಅತಿಶಯೋಕ್ತಿಯಾಗಲಾರದು.

ಊರನ್ನು ಹೊಗಳಲು ಹೆಚ್ಚಿನ ಸಾಮಗ್ರಿಯಿಲ್ಲ. ಹೆದ್ದಾರಿ, ಹೆದ್ದಾರಿಯ ನೆತ್ತಿಯ ಮೇಲೆ ಮೆಟ್ರೋವಿನ ಕಂಬಸಾಲು, ಕಂಬಗಳ ಕೆಳಗೆ ಷೇರ್ ಆಟೋಗಳು, ಇಡ್ಲಿಯ ಬಂಡಿಗಳು, ಮುಂಬಯಿ, ಪುಣೆಗಳಿಗೆ ರಾತ್ರಿ ಹೊರಡುವ ಖಾಸಗಿ ಬಸ್ಸುಗಳ ಟಿಕೆಟ್ ಮಳಿಗೆಗಳು. ಒಳಗೆ ಹೊಕ್ಕರೆ ಒಂದರ ಮೈಗೊಂದು ತಾಗಿದ ಅಪಾರ್ಟ್‌ಮೆಂಟುಗಳು. ರಾಮಚಂದ್ರಾಪುರದ ಭಾರತ್ ಹೆವಿ ಎಲೆಕ್ಟ್ರಿಕಲ್ಸಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ನನ್ನ ಭಾವ ಇವುಗಳೊಂದರ ಮೂರನೆಯ ಅಂತಸ್ತಿನಲ್ಲಿ ಮನೆ ಮಾಡಿದ್ದಾನೆ. ಬಾಗಿಲು ತೆರೆದ ಸೋದರಸೊಸೆ ಕಾಲಿಗೆ ನಮಸ್ಕರಿಸಿ, ಎದ್ದು ನಿಂತು, ಸೊಂಟದಿಂದ ಬಾಗಿ ಮತ್ತೊಂದು ನಮಸ್ಕಾರ ಮಾಡಿದಳು. “ಎರಡನೇದು ಜಪಾನೀ ಪದ್ಧತೀದ್ರಿ ಮಾಮಾ, ರೂಢಿ ಮಾಡ್ಕೊಳ್ಳಾಕತ್ತೀನಿ,” ಎಂದಳು. ಒಳಗಿನಿಂದ ತಂಗಿ, “ಮೊದಲು ಕೈಕಾಲು ತೊಳ್ಕೊಳ್ಳಾಕ ನೀರ ಕೊಡವಾ, ಆಮ್ಯಾಲ ಜಪಾನ ತೋರಸೂವಂತಿ,” ಎಂದು ಗದರಿದಳು.

ಆ ರಾತ್ರಿ ಊಟದ ತರುವಾಯ ವೇತನದ ಸ್ವರೂಪವನ್ನು ಅವಳಿಂದಲೇ ಕೇಳಿ ತಿಳಿದುಕೊಂಡೆನು. ವಿದೇಶೀಯ ವಿದ್ಯಾರ್ಥಿಗಳಿಗೆ ಜಪಾನ್ ಸರ್ಕಾರ 1954ರಿಂದ ವೇತನವನ್ನೀಯುತ್ತ ಬಂದಿದೆ. ಅದರಲ್ಲಿ ಹಲವು ವರ್ಗಗಳುಂಟು. ಪದವಿ ಮುಗಿಸಿದವರು, 35 ವರ್ಷದೊಳಗಿನವರು, ಸಂಶೋಧನ ವಿದ್ಯಾರ್ಥಿಗಳಾಗಿ ಹೋಗಿ ಮುಂದೆ ಅಲ್ಲಿಯೇ ಸ್ನಾತಕೋತ್ತರ ಪದವಿಗೋ ಡಾಕ್ಟರೇಟಿಗೋ ಸೇರಬಹುದು. ತಮ್ಮ ದೇಶದ ವಿಶ್ವವಿದ್ಯಾನಿಲಯದಲ್ಲಿ ಜಪಾನೀ ಭಾಷೆ ಅಥವಾ ಸಂಸ್ಕೃತಿಯನ್ನೇ ಮುಖ್ಯ ವಿಷಯವಾಗಿ ಓದುತ್ತಿರುವವರಿಗೆ ಬೇರೊಂದು ವರ್ಗ. ಆ ವರ್ಗದವರನ್ನು ಅಲ್ಲಿ ‘ನಿಕ್ಕೆನ್ಸೇ’ ಎಂದು ಕರೆಯುತ್ತಾರೆ. ರಾಜದೂತಾವಾಸದವರು ಜಪಾನೀ ಭಾಷೆಯಲ್ಲಿ ಲಿಖಿತ ಪರೀಕ್ಷೆ ನಡೆಸಿ, ಸಂದರ್ಶನ ಮಾಡಿ, ತೇರ್ಗಡೆಯಾದವರ ಹೆಸರನ್ನು ಶಿಫಾರಸು ಮಾಡುತ್ತಾರೆ. ಅಕ್ಟೋಬರಿನಲ್ಲಿ ವ್ಯಾಸಂಗ ಆರಂಭ. ವಿಮಾನದ ವೆಚ್ಚ, ಬೋಧನಶುಲ್ಕ ಎರಡೂ ಸರ್ಕಾರದ್ದು. ತಿಂಗಳ ವೆಚ್ಚಕ್ಕೆ ಆಗ 1,17,000 ಯೆನ್. ವರ್ಷದ ಕೊನೆಗೆ ತಾನು ಆರಿಸಿಕೊಂಡ ವಿಷಯದ ಮೇಲೆ ಜಪಾನೀ ಭಾಷೆಯಲ್ಲಿಯೇ ಒಂದು ಪ್ರಬಂಧವನ್ನು ಬರೆದೊಪ್ಪಿಸಬೇಕು. ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದುದು ಆ ನಿಯಮಾವಳಿಯ ಇನ್ನೊಂದು ವಿಧಿ: ವರ್ಷ ಮುಗಿದೊಡನೆ ವಿದ್ಯಾರ್ಥಿ ಹಿಂದಿರುಗಿ ತನ್ನ ಮಾತೃಸಂಸ್ಥೆಯಲ್ಲಿ ಉಳಿದ ವ್ಯಾಸಂಗವನ್ನು ಪೂರೈಸತಕ್ಕದ್ದು. ಇಂದಿನ ವಿದೇಶವಿದ್ಯೆ ಬಹುಮಟ್ಟಿಗೆ ಹೋಗುವ ವಿದ್ಯೆಯಾಗಿದ್ದು, ಬರುವ ಮಾತನ್ನು ಯಾರೂ ಎತ್ತದಿರುವಾಗ, ಮರಳುವುದನ್ನೇ ಷರತ್ತಾಗಿಸಿದ ಈ ಔದಾರ್ಯದಲ್ಲಿ ಪ್ರಾಚೀನಕಾಲದ ವಿವೇಕವೊಂದು ಇದೆಯೆಂದು ನನಗೆ ತೋರಿತು.

ಬೀದರಿನವನಾದ ನನಗೆ ಪರದೇಶದ ವಿದ್ಯಾರ್ಥಿಯೆಂಬ ಕಲ್ಪನೆ ಹೊಸದಲ್ಲ. ನಮ್ಮ ಮನೆಯಿಂದ ಕಾಲ್ನಡಿಗೆಯ ದೂರದಲ್ಲಿ ಮಹಮೂದ್ ಗಾವಾನನ ಮದರಸಾ ನಿಂತಿದೆ. ಪರ್ಷಿಯಾದಿಂದ ವ್ಯಾಪಾರಿಯಾಗಿ ಬಂದು ಬಹಮನೀ ರಾಜ್ಯದ ಪ್ರಧಾನಿಯಾದ ಆ ಪುಣ್ಯಾತ್ಮ 1472ರಲ್ಲಿ ಅದನ್ನು ಕಟ್ಟಿಸಿ, ದೂರದೇಶಗಳ ಪಂಡಿತರನ್ನು ಬರಮಾಡಿಕೊಂಡು, ವಿದ್ಯಾರ್ಥಿಗಳಿಗೆ ಅಶನವಸತಿಗಳನ್ನು ಕಲ್ಪಿಸಿದನು; 1481ರಲ್ಲಿ ಸುಳ್ಳು ಆರೋಪದ ಮೇಲೆ ಅವನ ಶಿರಚ್ಛೇದವಾಯಿತು; 1696ರಲ್ಲಿ ಔರಂಗಜೇಬನ ಸೈನಿಕರು ಅಲ್ಲಿ ತುಂಬಿಟ್ಟಿದ್ದ ಮದ್ದು ಸಿಡಿದು ಕಟ್ಟಡದ ಒಂದು ಪಾರ್ಶ್ವವೇ ಹಾರಿಹೋಯಿತು. ಆ ಮದರಸಾ ಕಟ್ಟುವುದಕ್ಕೂ ಐದು ಶತಮಾನ ಹಿಂದೆ, 945ರ ಸಾಲೋಟಗಿಯ ಶಾಸನ ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ 27 ವಸತಿಗೃಹಗಳಿಗೆ ದತ್ತಿ ಬಿಟ್ಟುದನ್ನು ಹೇಳುತ್ತದೆ. ಇವನ್ನು ಹೇಳತೊಡಗಿದರೆ ನನಗೆ ಹೊತ್ತು ಹೋದುದು ತಿಳಿಯುವುದಿಲ್ಲವೆಂಬುದು ಮನೆಯವರಿಗೆಲ್ಲ ಗೊತ್ತು. ಭಾವ ಮೆಲ್ಲನೆ ಎದ್ದು ದೀಪ ಆರಿಸಿದನು.

ಮರುದಿನ ಸೊಸೆ ತನ್ನ ವಿಶ್ವವಿದ್ಯಾನಿಲಯವನ್ನು ತೋರಿಸುವೆನೆಂದು ನನ್ನನ್ನು ಕರೆದುಕೊಂಡು ಹೊರಟಳು. ಮಿಯಾಪುರದಿಂದ ಅಮೀರ್‌ಪೇಟೆಯವರೆಗೆ ಒಂದು ಮಾರ್ಗ, ಅಲ್ಲಿ ಇಳಿದು ತಾರ್ನಾಕೆಗೆ ಮತ್ತೊಂದು. ಅಮೀರ್‌ಪೇಟೆಯ ಬೀದಿಗಳು ಜ್ಞಾನದ ಚಿಲ್ಲರೆ ವ್ಯಾಪಾರಕ್ಕೆ ಪ್ರಸಿದ್ಧವಾದವು. ಗಣಕಯಂತ್ರದ ಭಾಷೆಗಳಿಂದ ಮೊದಲುಗೊಂಡು ಮನುಷ್ಯರ ಭಾಷೆಗಳವರೆಗೆ ಸಕಲವನ್ನೂ ಅಲ್ಲಿ ವಾರಗಳ ಲೆಕ್ಕದಲ್ಲಿ ಕಲಿಸಿಕೊಡುತ್ತಾರೆ. ಶುಶ್ರೂಷಕಿಯರಾಗಿಯೋ ಕುಶಲ ಕಾರ್ಮಿಕರಾಗಿಯೋ ಜಪಾನಿಗೆ ಹೋಗಬಯಸುವವರ ಸಂಖ್ಯೆ ಬೆಳೆಯುತ್ತಿರುವುದರಿಂದ ಜಪಾನೀ ತರಗತಿಗಳಿಗೂ ಗಿರಾಕಿಯುಂಟು. ಅಲ್ಲಿ ನಮ್ಮನ್ನು ಕೂಡಿಕೊಂಡವನು ಸೊಸೆಯ ಹಿರಿಯ ಸಹಪಾಠಿಯಾದ ಒಬ್ಬ ತರುಣ. ಜಹೀರಾಬಾದಿನ ಕಡೆಯ ಹಳ್ಳಿಯವನು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ದಖನಿ. ಪದವಿ ಮುಗಿಸಿ, ಸಂಶೋಧನ ವಿದ್ಯಾರ್ಥಿಯಾಗಿ ಆಯ್ಕೆಗೊಂಡು, ಜಪಾನಿನಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಿ ಮರಳಿದ್ದಾನೆ. ಈಗ ಗಚ್ಚಿಬೌಲಿಯ ಒಂದು ಕಂಪೆನಿಯಲ್ಲಿ ಯಂತ್ರಗಳ ವಿವರಣಪುಸ್ತಿಕೆಗಳನ್ನು ಜಪಾನಿಯಿಂದ ಇಂಗ್ಲಿಷಿಗೆ ಪರಿವರ್ತಿಸುತ್ತಾನೆ. ಸಂಬಳ ಚೆನ್ನಾಗಿದೆಯೆಂದು ಕೇಳದೆಯೇ ಹೇಳಿದನು.

ತಾರ್ನಾಕೆಯಲ್ಲಿರುವ ಆಂಗ್ಲ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾನಿಲಯ 1958ರಲ್ಲಿ ಇಂಗ್ಲಿಷ್ ಬೋಧಕರ ಶಿಕ್ಷಣಕ್ಕೆಂದು ಹುಟ್ಟಿದ ಸಂಸ್ಥೆ. 1972ರಲ್ಲಿ ವಿದೇಶೀ ಭಾಷೆಗಳನ್ನು ತನ್ನ ಹೆಸರಿನೊಳಕ್ಕೆ ಸೇರಿಸಿಕೊಂಡು, 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾನಿಲಯವಾಯಿತು. 1960ರ ದಶಕದ ಪೂರ್ವಾರ್ಧದಲ್ಲಿ ಅದರ ನಿರ್ದೇಶಕರಾಗಿದ್ದವರು ನಮ್ಮ ವಿನಾಯಕ ಕೃಷ್ಣ ಗೋಕಾಕರು. ಇಂಗ್ಲಿಷನ್ನು ಪರಿಣತವಾಗಿ ಕಲಿಸುವ ಬಗೆಯನ್ನು ದೇಶಕ್ಕೆಲ್ಲ ಉಪದೇಶಿಸುವ ಪೀಠದಲ್ಲಿ ಕುಳಿತಿದ್ದವರೇ ಮುಂದೆ ಕರ್ನಾಟಕದ ಶಾಲೆಗಳಲ್ಲಿ ಕನ್ನಡಕ್ಕೆ ಅಗ್ರಸ್ಥಾನವಿರಬೇಕೆಂಬ ವರದಿಗೆ ತಮ್ಮ ಹೆಸರನ್ನು ಕೊಟ್ಟರು. ಪರಭಾಷೆಯ ಆಳವನ್ನು ಕಂಡವನಿಗೆ ಸ್ವಭಾಷೆಯ ಬೆಲೆ ಕಡಮೆಯಾಗುವುದಿಲ್ಲವೆಂಬುದಕ್ಕೆ ನಾನು ಬೇರೆ ಸಾಕ್ಷಿಯನ್ನು ಹುಡುಕಲಾರೆ.

ಮರದ ನೆರಳಿನ ಕಟ್ಟೆಯ ಮೇಲೆ ಕುಳಿತು ಸೊಸೆ ನನಗೆ ಅಕ್ಷರಮಾಲೆಯನ್ನು ಓದಿಹೇಳಿದಳು. ಅ, ಇ, ಉ, ಎ, ಒ ಎಂಬ ಸ್ವರಗಳು; ಅನಂತರ ಕ, ಸ, ತ, ನ, ಹ, ಮ, ಯ, ರ, ವ ಎಂಬ ಸಾಲುಗಳು. ಈ ಅನುಕ್ರಮ ಎಲ್ಲಿಯದೆಂದು ಕನ್ನಡದ ಮಗುವೂ ಹೇಳಬಲ್ಲುದು. ಬೌದ್ಧ ಭಿಕ್ಷುಗಳು ಚೀನದ ಮೂಲಕ ಒಯ್ದ ಸಂಸ್ಕೃತ ವರ್ಣವಿಚಾರವೇ ಅಲ್ಲಿ ಆ ರೂಪದಲ್ಲಿ ನೆಲೆಗೊಂಡಿದೆ. ‘ಸ’ಕಾರ ನಮ್ಮ ‘ಚ’ವರ್ಗದ ಸ್ಥಾನದಲ್ಲಿಯೂ ‘ಹ’ಕಾರ ‘ಪ’ವರ್ಗದ ಸ್ಥಾನದಲ್ಲಿಯೂ ಏಕೆ ಕುಳಿತಿವೆಯೆಂದರೆ, ಪ್ರಾಚೀನ ಜಪಾನಿನಲ್ಲಿ ಅವುಗಳ ಉಚ್ಚಾರಣೆ ಆ ವರ್ಗಗಳಿಗೆ ಹತ್ತಿರವಾಗಿತ್ತು, ಬಾಯಿ ಬದಲಾದರೂ ಸಾಲು ಬದಲಾಗಲಿಲ್ಲ. 736ರಲ್ಲಿ ಜಪಾನನ್ನು ಮುಟ್ಟಿ, 752ರಲ್ಲಿ ನಾರಾ ನಗರದ ತೋದಾಯ್‌ಜಿಯ ಮಹಾಬುದ್ಧನಿಗೆ ನೇತ್ರೋನ್ಮೀಲನ ಮಾಡಿದ ಬೋಧಿಸೇನನೆಂಬ ಭಾರತೀಯ ಭಿಕ್ಷುವಿಗೆ ಯಾವ ಸರ್ಕಾರ ಎಷ್ಟು ಯೆನ್ನಿನ ವೇತನ ಕೊಟ್ಟಿತೋ ಕಾಣೆ. ಅವನು ಹಿಂದಿರುಗಲಿಲ್ಲವೆಂಬುದು ಮಾತ್ರ ನಿಜ.

ವ್ಯಾಕರಣದ ವಿಷಯದಲ್ಲಿ ಸೊಸೆಗೂ ಆ ತರುಣನಿಗೂ ಏಕಾಭಿಪ್ರಾಯವಿತ್ತು. ಇಂಗ್ಲಿಷಿನ ಮೂಲಕ ಜಪಾನಿಯನ್ನು ಕಲಿಯುವವರು ವಾಕ್ಯವನ್ನು ಬುಡಮೇಲು ಮಾಡುವ ಶ್ರಮದಲ್ಲಿಯೇ ಮೊದಲ ವರ್ಷವನ್ನು ಕಳೆಯುತ್ತಾರಂತೆ. ಕನ್ನಡ ತೆಲುಗುಗಳ ಮನೆಯಿಂದ ಬಂದವರಿಗೆ ಆ ಕಷ್ಟವಿಲ್ಲ. ಕ್ರಿಯಾಪದ ಕೊನೆಗೇ ಬರುತ್ತದೆ, ವಿಭಕ್ತಿ ನಾಮಪದದ ಹಿಂದೆಯೇ ಅಂಟಿಕೊಳ್ಳುತ್ತದೆ, ‘ನಿನ್ನೆ ಬಂದ ಮನುಷ್ಯ’ ಎಂಬುದನ್ನು ‘ಕಿನೋ ಕಿತಾ ಹಿತೋ’ ಎಂದು ಪದಕ್ಕೆ ಪದವಿಟ್ಟು ಹೇಳಿದರೆ ಸಾಕು. “ನಮ್ಮ ಸರ್ ಇಂಗ್ಲಿಷಿನ್ಯಾಗ ಅರ್ಧಾ ತಾಸು ಬಿಡಿಸಿ ಹೇಳಿದ್ದು ನಮ್ಮವ್ವಗ ಒಂದ ನಿಮಿಷದಾಗ ತಿಳೀತ್ರಿ,” ಎಂದಳು ಸೊಸೆ. ಆದರೆ ಕಲಿಕೆಯೆಲ್ಲ ಇಂಗ್ಲಿಷಿನ ಸೇತುವೆಯ ಮೇಲೆಯೇ ನಡೆಯುತ್ತದೆ. ಪಠ್ಯ, ನಿಘಂಟು, ಟಿಪ್ಪಣಿ, ಪರೀಕ್ಷೆಗೆ ಸಿದ್ಧತೆ ಎಲ್ಲವೂ ಇಂಗ್ಲಿಷಿನಲ್ಲಿ. ಪಕ್ಕದ ಮನೆಗೆ ಊರಾಚೆಯಿಂದ ಸುತ್ತಿಬಂದು ಹೋಗುವಂತಿದೆ ಈ ವ್ಯವಸ್ಥೆ. ಎರಡು ಸಾವಿರಕ್ಕೂ ಮಿಕ್ಕ ಚಿತ್ರಾಕ್ಷರಗಳನ್ನು ಬರೆದು ಬರೆದು ಕೈಗೆ ಹತ್ತಿಸಿಕೊಳ್ಳುವ ತಪಸ್ಸಿಗೆ ಮಾತ್ರ ಯಾವ ಮಾತೃಭಾಷೆಯವನಿಗೂ ವಿನಾಯಿತಿಯಿಲ್ಲ.

ಅಲ್ಲಿಂದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಆವರಣ ಕೂಗಳತೆ. ಕಲಾಶಾಲೆಯ ಗ್ರ್ಯಾನೈಟು ಭವನದ ಎದುರು ನಿಂತಾಗ ನನಗೆ ಸರ್ ರಾಸ್ ಮಸೂದರ ನೆನಪಾಯಿತು. ಸರ್ ಸಯ್ಯದ್ ಅಹಮದ್ ಖಾನರ ಮೊಮ್ಮಗನೂ ಇಂಗ್ಲಿಷ್ ಕಾದಂಬರಿಕಾರ ಫಾರ್ಸ್ಟರನ ಆಪ್ತಮಿತ್ರರೂ ಆಗಿದ್ದ ಇವರು ನಿಜಾಮರ ಸಂಸ್ಥಾನದ ವಿದ್ಯಾಭ್ಯಾಸದ ನಿರ್ದೇಶಕರಾಗಿದ್ದಾಗ, ದೇಶಭಾಷೆಯೊಂದರ ಮೂಲಕ ಸಮಸ್ತ ಆಧುನಿಕ ವಿದ್ಯೆಯನ್ನು ಬೋಧಿಸುವ ಪ್ರತಿಜ್ಞೆಯೊಡನೆ 1918ರಲ್ಲಿ ಉಸ್ಮಾನಿಯಾ ಆರಂಭವಾಯಿತು. ಇಂತಹ ಪ್ರಯೋಗ ಏಷ್ಯಾದಲ್ಲಿ ಸಿದ್ಧಿಸಿದುದು ಎಲ್ಲಿ ಎಂದು ಕಣ್ಣಾರೆ ಕಾಣಲು ಅವರು 1922ರಲ್ಲಿ ಜಪಾನಿಗೆ ಹೋದರು; ಶಾಲೆಗಳನ್ನೂ ವಿಶ್ವವಿದ್ಯಾನಿಲಯಗಳನ್ನೂ ನೋಡಿ ಬಂದು, ಜಪಾನಿನ ಶಿಕ್ಷಣಪದ್ಧತಿಯನ್ನು ಕುರಿತು ಬೃಹತ್ತಾದ ವರದಿಯೊಂದನ್ನು 1923ರಲ್ಲಿ ಪ್ರಕಟಿಸಿದರು. ಪಶ್ಚಿಮದ ವಿದ್ಯೆಯನ್ನು ಜಪಾನು ತನ್ನ ಮಾತಿನೊಳಕ್ಕೆ ತಂದುಕೊಂಡುದರಿಂದಲೇ ಅದು ಜನಸಾಮಾನ್ಯರವರೆಗೆ ಇಳಿಯಿತೆಂಬುದು ಅವರು ಹೊತ್ತುತಂದ ಪಾಠ.

ಪಾಠ ಸಾಧುವಾಗಿತ್ತು, ಅನ್ವಯ ಬೇರೆಯಾಯಿತು. ನಿಜಾಮರ ಪ್ರಜೆಗಳಲ್ಲಿ ಬಹುಸಂಖ್ಯಾತರ ಮನೆಮಾತು ತೆಲುಗು, ಮರಾಠಿ, ಕನ್ನಡಗಳಾಗಿದ್ದಾಗ, ದೇಶಭಾಷೆಯೆಂಬ ಪಟ್ಟ ಉರ್ದುವಿಗೆ ಸಂದಿತು. ವಿಜ್ಞಾನಗ್ರಂಥಗಳನ್ನು ಉರ್ದುವಿಗೆ ತರುವ ಅನುವಾದಶಾಲೆ ದುಡಿದ ದುಡಿಮೆ ಅಸಾಮಾನ್ಯವಾದುದು. ಅದರ ಫಲವನ್ನು ಉಂಡವರಲ್ಲಿ ನನ್ನ ತಂದೆಯೂ ಒಬ್ಬರು. ಬೀದರಿನಲ್ಲಿ ರೇಖಾಗಣಿತವನ್ನು ಉರ್ದುವಿನಲ್ಲಿ ಕಲಿತ ಅವರು ಮುಪ್ಪಿನವರೆಗೂ ವಚನಗಳನ್ನು ಕನ್ನಡದಲ್ಲಿ ಹಾಡಿಕೊಂಡು ಹಾಲಿನ ಲೆಕ್ಕವನ್ನು ಉರ್ದುವಿನಲ್ಲಿ ಎಣಿಸುತ್ತಿದ್ದರು. 1948ರ ತರುವಾಯ ಉರ್ದುವಿನ ಸ್ಥಾನಕ್ಕೆ ಇಂಗ್ಲಿಷು ಬಂದು ಕುಳಿತಿತು. ಜಪಾನಿನಿಂದ ತಂದ ಪಾಠ ಇಲ್ಲಿಯ ಮೂರು ಮನೆಮಾತುಗಳ ಬಾಗಿಲಿಗೆ ಆಗಲೂ ಬರಲಿಲ್ಲ, ಈಗಲೂ ಬಂದಿಲ್ಲ. ಮಸೂದರಿಗಿಂತ ಮುಂಚೆ, 1898ರಲ್ಲಿಯೇ, ಜಪಾನನ್ನು ನೋಡಿ ಬಂದು, 1908ರ ಮೂಸಿ ಪ್ರವಾಹದ ಅನಂತರ ಇದೇ ನಗರವನ್ನು ರಕ್ಷಿಸುವ ಯೋಜನೆ ರಚಿಸಿದ ವಿಶ್ವೇಶ್ವರಯ್ಯನವರು ಅಲ್ಲಿಂದ ಕೈಗಾರಿಕೆಯ ಪಾಠವನ್ನು ತಂದರು. ಅದು ಮೈಸೂರಿನಲ್ಲಿ ಫಲಿಸಿತು. ಭಾಷೆಯ ಪಾಠಕ್ಕೆ ಅಷ್ಟು ಭಾಗ್ಯವಿರಲಿಲ್ಲ.

ತರುಣ ಇದನ್ನೆಲ್ಲ ಕೇಳುತ್ತಿದ್ದವನು, “ಮಾಮಾ, ನಾನು ದಿನಾ ನೂರು ಸಾಲು ಅನುವಾದ ಮಾಡತೀನ್ರಿ. ಕನ್ನಡಕ್ಕ ಒಂದ ಸಾಲು ಮಾಡಿಕೊಡು ಅಂತ ಇಲ್ಲೀ ತನಕ ಯಾರೂ ಕೇಳಿಲ್ಲ. ಕೇಳಿದ್ರ ಮಾಡ್ತಿದ್ನಿ, ಆದ್ರ ಅದಕ್ಕ ರೊಕ್ಕಾ ಯಾರು ಕೊಡ್ತಾರ್ರಿ?” ಎಂದನು. ಅವನ ಮಾತಿನಲ್ಲಿ ಕಹಿಯಿರಲಿಲ್ಲ. ಬೆಂಗಳೂರಿನ ಸುತ್ತ ಜಪಾನೀ ಕಾರ್ಖಾನೆಗಳಿವೆ, ಬಿಡದಿಯಲ್ಲಿ ಟೊಯೋಟಾ ಇದೆ, ಜಪಾನ್ ಹಬ್ಬವೆಂಬ ಉತ್ಸವವೂ ವರ್ಷ ವರ್ಷ ನಡೆಯುತ್ತದೆ. ಇಷ್ಟಾಗಿಯೂ ಜಪಾನೀ ಸಾಹಿತ್ಯ ಕನ್ನಡಕ್ಕೆ ಬಂದಿರುವುದು ಬಹುಪಾಲು ಇಂಗ್ಲಿಷಿನ ಕೈಯಿಂದ. ನೇರವಾಗಿ ತರಬಲ್ಲ ತರುಣತರುಣಿಯರು ನಮ್ಮಲ್ಲಿಲ್ಲವೆಂದು ಇನ್ನು ಹೇಳುವಂತಿಲ್ಲ. ನನ್ನ ಎದುರಿಗೆ ಇಬ್ಬರು ನಿಂತಿದ್ದರು. ಅವರನ್ನು ವೇತನವಿತ್ತು ಕರೆದ ದೇಶ ತನ್ನ ಪಾಲಿನ ಕೆಲಸವನ್ನು ಮಾಡಿತು; ಹಿಂದಿರುಗಿ ಬಂದವರಿಗೆ ಇಲ್ಲಿಯ ಯಾವ ಅಕಾಡೆಮಿ, ಯಾವ ವಿಶ್ವವಿದ್ಯಾನಿಲಯ ಕಾದುಕೊಂಡಿದೆಯೆಂದು ಕೇಳಿದರೆ ನಾನು ತಲೆ ತಗ್ಗಿಸಬೇಕಾಗುತ್ತದೆ.

ಜಪಾನು ತಾನೂ ಒಂದು ಕಾಲದಲ್ಲಿ ವೇತನವಿತ್ತು ಮಕ್ಕಳನ್ನು ಹೊರಗೆ ಕಳುಹಿದ ದೇಶ. 1871ರ ಡಿಸೆಂಬರಿನಲ್ಲಿ ಜಪಾನ್ ಸರ್ಕಾರದ ಇವಾಕುರಾ ನಿಯೋಗದೊಡನೆ ಅಮೆರಿಕಕ್ಕೆ ಹೊರಟ ಹಡಗಿನಲ್ಲಿ ಐವರು ಹುಡುಗಿಯರಿದ್ದರು; ಎಲ್ಲರಿಗಿಂತ ಕಿರಿಯಳಾದ ತ್ಸುದಾ ಉಮೆಗೆ ಆರು ವರ್ಷ. ಹನ್ನೊಂದು ವರ್ಷಗಳಾದ ಮೇಲೆ, 1882ರಲ್ಲಿ, ಸರ್ಕಾರದ ಖರ್ಚಿನಲ್ಲಿ ಓದಿ ಮರಳಿದ ಆ ಹುಡುಗಿಗೆ ತಾಯಿಯೊಡನೆ ಮಾತನಾಡಲು ಭಾಷೆ ಉಳಿದಿರಲಿಲ್ಲ, ಮಾಡಲು ಸರ್ಕಾರದ ಬಳಿ ಕೆಲಸವೂ ಇರಲಿಲ್ಲ. ಅವಳು ತಾಯ್ನುಡಿಯನ್ನು ಮತ್ತೆ ಮೊದಲಿನಿಂದ ಕಲಿತಳು. 1900ರಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದಳು. ಅದೇ ಇಂದಿನ ತ್ಸುದಾ ವಿಶ್ವವಿದ್ಯಾನಿಲಯ. 2024ರ ಜುಲೈಯಿಂದ ಚಲಾವಣೆಗೆ ಬಂದ 5,000 ಯೆನ್ನಿನ ನೋಟಿನ ಮೇಲೆ ಅವಳ ಮುಖವಿದೆ. ನನ್ನ ಸೊಸೆಯ ಕೈಗೆ ಬರುವ ವೇತನದಲ್ಲಿ ಅಂತಹ ನೋಟುಗಳಿರುತ್ತವೆಂದು ಹೇಳಿದಾಗ ಅವಳಿಗೆ ಹಿಗ್ಗಾಯಿತು.

ಹಿಂದಿರುಗುವ ರೈಲಿನಲ್ಲಿ ಪ್ರಬಂಧದ ವಿಷಯ ಬಂದಿತು. ಚಹಾದ ಕರ್ಮಕಲಾಪ, ಕಾಬುಕಿ ನಾಟಕ, ಹಬ್ಬಗಳು ಎಂದು ಅವಳು ಯೋಚಿಸುತ್ತಿದ್ದಳು. ಎಲ್ಲ ದೇಶಗಳ ವಿದ್ಯಾರ್ಥಿಗಳೂ ಅವನ್ನೇ ಬರೆಯುತ್ತಾರೆಂದು ತರುಣ ಎಚ್ಚರಿಸಿದನು. ಮಸೂದರ ವರದಿಯನ್ನು ಓದಿ, ಅವರು ಅಂದು ಕಂಡುದನ್ನು ಇಂದು ಹೋಗಿ ನೋಡಿ ಬರೆಯಬಾರದೇಕೆ ಎಂದು ನಾನು ಸೂಚಿಸಿದೆನು. “ಅದು ಉರ್ದುವಿನ್ಯಾಗ ಐತೇನ್ರಿ?” ಎಂದಳು. ಇಲ್ಲ, ಇಂಗ್ಲಿಷಿನಲ್ಲಿದೆಯೆಂದೆ. ದೇಶಭಾಷೆಯ ಪರವಾಗಿ ಅಷ್ಟು ದೊಡ್ಡ ವರದಿ ಬರೆದವರು ಅದನ್ನು ಇಂಗ್ಲಿಷಿನಲ್ಲಿ ಬರೆದರೇ ಎಂದು ಇಬ್ಬರೂ ಮಿಯಾಪುರ ಬರುವವರೆಗೂ ನಕ್ಕರು. ಆದರೂ ವಿಷಯ ಅವಳಿಗೆ ಹಿಡಿಸಿತು; ಗ್ರಂಥಾಲಯದಲ್ಲಿ ಹುಡುಕುವೆನೆಂದು ಚೀಟಿಯಲ್ಲಿ ಗುರುತುಹಾಕಿಕೊಂಡಳು.

ಮನೆಯಲ್ಲಿ ಚಿಂತೆ ಬೇರೆಯದಿತ್ತು. ಎಲ್ಲವನ್ನೂ ಕೊಡುವ ಸರ್ಕಾರ ಮೊದಲ ದಿನಗಳ ವೆಚ್ಚಕ್ಕೆ ಸುಮಾರು 2,000 ಡಾಲರುಗಳನ್ನು ಕೈಯಲ್ಲಿಟ್ಟುಕೊಂಡು ಬನ್ನಿರೆಂದು ಸಲಹೆ ಮಾಡುತ್ತದೆ. ವೇತನ ಕೈಸೇರುವುದು ತಡವಾಗಿ. ನಮ್ಮ ಲೆಕ್ಕದಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕ ರೂಪಾಯಿ. ಭಾವ ಸಹಕಾರ ಸಂಘದಲ್ಲಿ ಸಾಲ ಕೇಳುವ ಮಾತೆತ್ತಿದನು. ತಂಗಿಯ ಕೈ ಬಳೆಗಳ ಕಡೆಗೆ ಹೋಯಿತು. ಅರ್ಧವನ್ನು ನಾನು ಕೊಡುವೆನೆಂದೂ, ವರ್ಷ ಮುಗಿಸಿ ಬಂದಾಗ ಸೊಸೆ ಅದನ್ನು ತೀರಿಸಿ ಬಡ್ಡಿಯ ಬಾಬತ್ತು ತ್ಸುದಾ ಉಮೆಯ ನೋಟೊಂದನ್ನು ಸೇರಿಸಿಕೊಡತಕ್ಕದ್ದೆಂದೂ ಹೇಳಿದೆನು.

ಅವಳು ಬೆರಳು ಮಡಿಚಿ ಯೆನ್ನನ್ನು ರೂಪಾಯಿಗೆ ತಿರುಗಿಸಿ ನೋಡಿದಳು. “ಒಂದ ವರ್ಷಕ್ಕ ಇಷ್ಟ ಬಡ್ಡಿ ಆದ್ರ ಬ್ಯಾಂಕಿಗಿಂತ ಸಸ್ತಾನೇ ಆತ್ರಿ ಮಾಮಾ,” ಎಂದಳು, “ಬರದ ಕೊಡ್ಲೇನು, ಕನ್ನಡದಾಗ?”